ಹುಳುಮನೆಯ ಹೊಸ್ತಿಲು

ಇಂದು ಬೆಳಗ್ಗೆ ಬಾವಿಯಿಂದ ನಾಲ್ಕು ಕೊಡ ನೀರು ತಂದೆ. ನಮ್ಮವರ ಉಗುಳುಬಟ್ಟಲನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಟ್ಟೆ. ಎರಡು ಅಂಗಿ ಒಗೆದೆ, ರಾಗಿ ಬೀಸಿದೆ, ಭಾನುವಾರದ ಪಾಠವನ್ನು ಅವರು ಹೇಳಿದಂತೆ ಬರೆದುಕೊಂಡೆ. ಆಮೇಲೆ ಪುಸ್ತಕದ ಚೀಲ ಹೆಗಲಿಗೆ ಹಾಕಿ ಬಾಗಿಲ ತನಕ ಹೋದವಳು, ತಿರುಗಿ ಬಂದು ಮೊಳೆಗೆ ತೂಗುಹಾಕಿದೆ. ಈ ಹಳ್ಳಿಯಲ್ಲಿ ಈಗ ನನ್ನ ಹೆಸರು ‘ಹುಳ ಕೊಂದೋಳು’.

ಊರಿನ ಸಹೋದರಿಯರೇ, ಘಟ್ಟದ ಮೇಲೆ ಸುವಾರ್ತೆಯ ಕೆಲಸ ಹೇಗೆ ಸಾಗಿದೆ ಎಂದು ಪ್ರತಿ ಕಾಗದದಲ್ಲೂ ಕೇಳುತ್ತೀರಿ. ನಮ್ಮವರು ಅಲ್ಲಿ ನಿಮ್ಮ ಕಡಲೂರಿನ ಸಭೆಯಲ್ಲಿ ಪ್ರಸಂಗ ಮಾಡುತ್ತಲೇ ರಕ್ತ ಕೆಮ್ಮಿದ್ದು ನಿಮಗೆ ಗೊತ್ತು. ಕಡಲ ಗಾಳಿ ಈ ಎದೆಗೆ ಆಗದು, ಒಣ ಹವೆ ಬೇಕು ಎಂದು ಡಾಕ್ಟರು ಹೇಳಿದ ಮೇಲೆ ಮಿಶನ್ನಿನವರು ನಮ್ಮನ್ನು ಕೋಲಾರದ ಸೀಮೆಗೆ, ಹುತ್ತೂರಿನ ಕಡೆಯ ಈ ಹಳ್ಳಿಗೆ ಕಳುಹಿಸಿ ಎರಡು ವರ್ಷವಾಯಿತು.

ಅಲ್ಲಿ ಹಂಚಿನ ಮಾಡು, ಇಲ್ಲಿ ಕಲ್ಲುಚಪ್ಪಡಿ. ಹಗಲಿನ ಕಾವು ಸಂಜೆಯಾದರೂ ಇಳಿಯದು. ಮೀನಿನ ಮಾತೇ ಇಲ್ಲ. ಕುಚ್ಚಲಕ್ಕಿಯ ಗಂಜಿಯಿದ್ದಲ್ಲಿ ಈಗ ರಾಗಿಮುದ್ದೆ. ಅದನ್ನು ನುಂಗಬೇಕೆಂದು ತಿಳಿಯದೆ ನಾನು ಅಗಿಯುತ್ತಾ ಕೂತಾಗ ಪಕ್ಕದ ಮನೆಯ ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಗೀಬೇಡಮ್ಮೋ, ನುಂಗು! ಯಾರಾನ ನೋಡಿ ಕೊಟ್ಟಿಗೇಗೆ ಕಟ್ಟಾಕ್ಬಿಟ್ಟಾರು!”

ನನ್ನ ಕನ್ನಡವೂ ಅವರಿಗೆ ತಮಾಷೆ. ಮುದುಕಿಯ ಸೊಸೆ ಮುನಿಯಮ್ಮ, “ನೀನು ಮಾತಾಡಿದ್ರೆ ಮೇಷ್ಟ್ರು ಪಾಠ ಓದ್ದಂಗಿರ್ತದೆ ಅಕ್ಕಯ್ಯ” ಎನ್ನುತ್ತಿದ್ದಳು. ಇಲ್ಲಿಯ ತೆಲುಗಿನಲ್ಲಿ ಅಕ್ಕನಿಗೆ ಅಕ್ಕಯ್ಯ. ನನಗೆ ಗೊತ್ತಾಗಬಾರದ ಮಾತು ಬಂದರೆ ಅತ್ತೆ ಸೊಸೆ ಇಬ್ಬರೂ ತಟ್ಟನೆ ತೆಲುಗಿಗೆ ಜಾರುತ್ತಿದ್ದರು.

ಒಂದು ವರ್ಷದಲ್ಲಿ ನಮ್ಮವರ ಉಸಿರು ಎರಡು ಮಾತಿಗೂ ಸಾಲದಾಯಿತು. ಮನೆಮನೆಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಜಗಲಿಯಿಂದ ಒಳಕ್ಕೆ ಕರೆದವಳು ಮುನಿಯಮ್ಮ ಒಬ್ಬಳೇ. ಅವಳ ಮಗಳು ನಾಲ್ಕು ವರ್ಷಕ್ಕೇ ತೀರಿಕೊಂಡಿದ್ದಳು. ಸತ್ತ ಹುಡುಗಿಯನ್ನು ಪ್ರಭು ಕೈಹಿಡಿದು ಎಬ್ಬಿಸಿದ ಸುವಾರ್ತೆಯ ಕಥೆಯನ್ನು ನನ್ನಿಂದ ವಾರಕ್ಕೊಮ್ಮೆ ಹೇಳಿಸುವಳು. “ಎದ್ದೇಟ್ಗೆ ಊಟ ಕೊಡಿ ಅಂದ್ನಲ್ಲ, ಅದು ಸರಿ” ಎಂದು ಕಣ್ಣೊರೆಸಿಕೊಳ್ಳುವಳು.

ಈ ಕಡೆ ಮನೆಯ ಒಳಕೋಣೆಯಲ್ಲಿ ರೇಷ್ಮೆಹುಳು ಸಾಕುತ್ತಾರೆ. ಆ ದಿನಗಳಲ್ಲಿ ಹೊರಗಿನವರನ್ನು ಒಳಗೆ ಬಿಡರು. ಬೀಡಿಯ ವಾಸನೆ, ಮುಡಿದ ಹೂವಿನ ವಾಸನೆ ಕೂಡ ಹುಳುವಿಗೆ ಆಗುವುದಿಲ್ಲವಂತೆ. ಹೋದ ತಿಂಗಳು, ಗೂಡು ಕಟ್ಟಲು ನಾಲ್ಕೈದು ದಿನವಿದೆ ಎನ್ನುವಾಗ, ಮುನಿಯಮ್ಮ ಹಿಗ್ಗು ತಾಳಲಾರದೆ ಕರೆದಳು. “ಬಾ ಅಕ್ಕಯ್ಯ, ಮೇಯೋ ಸದ್ದು ಕೇಳು ಬಾ. ಕೈ ತೊಳ್ಕಂಡಿದ್ದೀಯಾ?”

ತೊಳೆದಿದ್ದೆ. ಆದರೆ ಅದೇ ಬೆಳಗ್ಗೆ ನಮ್ಮವರ ಎದೆಗೆ ನೀಲಗಿರಿ ಎಣ್ಣೆ ತಿಕ್ಕಿದ್ದೆ. ಅದು ಸೆರಗಿಗೂ ಹತ್ತಿತ್ತು. ಎರಡು ವರ್ಷದ ಬಳಕೆಯಿಂದ ನನ್ನ ಮೂಗಿಗೆ ಆ ವಾಸನೆಯ ಪರಿವೆಯೇ ಇರಲಿಲ್ಲ. ಸಾವಿರಾರು ಹುಳು ಸೊಪ್ಪು ಮೇಯುವ ಸದ್ದು ನಮ್ಮ ಊರಿನ ಮಳೆಯ ಸದ್ದಿನಂತೆಯೇ ಇತ್ತು. ಅಳು ಬಂತು. ಹೊರಡಲು ಮನಸ್ಸಾಗದೆ ಅಲ್ಲೇ ನಿಂತೆ. ನನ್ನ ಕೈಯಿಂದಲೇ ಒಂದು ಹಿಡಿ ಸೊಪ್ಪು ಹರಡಿದೆ.

ಮೂರನೆಯ ದಿನ ಹುಳುಗಳು ಮೇಯುವುದನ್ನು ಬಿಟ್ಟವು. ಮೆತ್ತಗಾದವು, ಕಪ್ಪಾದವು. ಬಿದಿರಿನ ತಟ್ಟೆಗಟ್ಟಲೆ ಹುಳುಗಳು ತಿಪ್ಪೆಗುಂಡಿ ಸೇರಿದವು. ಮುದುಕಿ ಬೀದಿಯಲ್ಲಿ ನಿಂತು ನನ್ನ ಕಡೆ ಕೈಬೀಸಿ, “ಪೋ! ಪೋ!” ಎಂದು ಕೂಗಿದಳು. ಆ ತೆಲುಗು ಮಾತಿನ ಅರ್ಥವನ್ನು ಯಾರಿಂದಲೂ ಕೇಳಬೇಕಾಗಲಿಲ್ಲ. ಅದು ರೋಗ, ಒದ್ದೆ ಸೊಪ್ಪಿನಿಂದಲೂ ಬರುತ್ತದೆ ಎಂದು ರೇಷ್ಮೆ ಇಲಾಖೆಯವರು ಹೇಳಿದರಂತೆ. ಊರು ನಂಬಲಿಲ್ಲ. ನಿಜ ಹೇಳುವುದಾದರೆ ನಾನೂ ಪೂರ್ತಿ ನಂಬಲಿಲ್ಲ.

ಇವತ್ತು ಮಧ್ಯಾಹ್ನ ಮುನಿಯಮ್ಮ ಬಂದಳು. ಮಡಿಲಲ್ಲಿದ್ದ ಅವರೆಕಾಯಿಯನ್ನು ಹೊಸ್ತಿಲ ಹೊರಗೆ ಸುರಿದು ಅಲ್ಲೇ ನಿಂತಳು.

“ಒಳಗೆ ಬಾ, ಮುನಿಯಮ್ಮ.”

“ಬರಾಕಿಲ್ಲ ಅಕ್ಕಯ್ಯ. ಹುಳದ ಹೊಸ ಮೊಟ್ಟೆ ತಂದಿದ್ದೀವಿ.”

“ನನ್ನಿಂದಲೇ ಸತ್ತವೆಂದು ನಿನಗೂ ಅನಿಸುತ್ತದೆಯೇ?”

“ಊರೆಲ್ಲಾ ಅಂತದೆ.” ಬರಿದಾದ ಮಡಿಲು ಕೊಡವಿ, “ನಾನೂ ಅಂದೆ” ಎಂದಳು. “ಆ ಎಣ್ಣೆ ಬಿಟ್ಬಿಡು ಅಕ್ಕಯ್ಯ. ಬಿಟ್ಟೆ ಅಂದ್ರೆ ಅತ್ತೇನ ನಾನು ಒಪ್ಪಿಸ್ತೀನಿ. ಜಗಲಿ ಮೇಲಾದ್ರೂ ಕೂತ್ಕಂಡು ಕತೆ ಹೇಳೀವಂತೆ.”

ಒಳಗಿನಿಂದ ನಮ್ಮವರು, “ಎಣ್ಣೆ ಬೇಡ ಮಾರಾಯ್ತಿ. ನಾವು ಇಲ್ಲಿಗೆ ಬಂದದ್ದು ಎಂತಕ್ಕೆ, ಸುವಾರ್ತೆ ಹೇಳ್ಲಿಕ್ಕಲ್ವಾ?” ಎಂದರು. ಅಷ್ಟಕ್ಕೇ ಕೆಮ್ಮು ಹಿಡಿಯಿತು. ಅದು ನಿಲ್ಲುವ ತನಕ ಮುನಿಯಮ್ಮ ನೆಲ ನೋಡುತ್ತಾ ನಿಂತಿದ್ದಳು. ನನ್ನಿಂದ ಉತ್ತರ ಕೇಳದೆಯೇ ಹೊರಟುಹೋದಳು.

ಸಂಜೆ ಎಣ್ಣೆ ಸೀಸೆಯ ಬಿರಟೆ ತೆಗೆದೆ. ಅವರು ನನ್ನ ಕೈ ಹಿಡಿದರು. “ನಾಳೆ ಯಾರ ಮನೆಗೆ ಹೋಗ್ತಿ?”

“ಎಲ್ಲಿಗೂ ಇಲ್ಲ. ಆಚೆ ತಿರುಗಿ, ಬೆನ್ನಿಗೂ ಹಚ್ಚಬೇಕು.”

ನೀವು ‘ಬಂದುಬಿಡಿ’ ಎಂದು ಬರೆಯುತ್ತೀರಿ. ಅಲ್ಲಿಯ ಒಂದು ಮಳೆಗಾಲವನ್ನೂ ಅವರು ತಾಳಲಾರರು. ಇಲ್ಲಿಯ ಗಾಳಿ ಅವರನ್ನು ಉಳಿಸಿಕೊಂಡಿದೆ. ಇಲ್ಲಿಯ ಜನ ನನ್ನನ್ನು ಕರೆಯುವುದಿಲ್ಲ. ಮಿಶನ್ನಿಗೆ ಕಳುಹಿಸುವ ವರದಿಯಲ್ಲಿ, ಈ ತಿಂಗಳು ಭೇಟಿಕೊಟ್ಟ ಮನೆಗಳು ಎಂಬಲ್ಲಿ ‘ಇಲ್ಲ’ ಎಂದು ಬರೆದೆ.

ಊಟಕ್ಕೆ ಮುದ್ದೆ, ಅವರೆಕಾಯಿ ಸಾರು. ಒಗ್ಗರಣೆ ಹಾಕಲಿಲ್ಲ, ಗಾಳಿ ಮುನಿಯಮ್ಮನ ಮನೆಯ ಕಡೆಗೆ ಬೀಸುತ್ತಿತ್ತು. ಸಪ್ಪೆಯಾಯಿತೆಂದು ಅವರು ಹೇಳಲಿಲ್ಲ. ಅರ್ಧ ಮುದ್ದೆ ಉಂಡು, ಕೆಮ್ಮದೆ, ಅವರೇ ಮೊದಲು ನಿದ್ದೆಹೋದರು.