ದೋಣಿಯಿಂದ ಬಂದ ಮಾತು

ನನ್ನ ಮೈದುನನನ್ನು ಇಡೀ ದಂಡೆ ‘ಇಲಿ’ ಅಂತಲೇ ಕರೆಯುತ್ತಿತ್ತು. ಹೆತ್ತವರು ಇಟ್ಟ ಹೆಸರನ್ನು ಅವನ ಮದುವೆಯ ದಿನ ಒಮ್ಮೆ ಕೇಳಿದ್ದೆ, ಅಷ್ಟೇ. ಆಳು ಉದ್ದ, ಮೈ ಹಗ್ಗದ ಹಾಗೆ, ನಾಲಗೆ ಮಾತ್ರ ಕತ್ತರಿ. ಬಿಲದಂಥ ಗುಂಡಿಗಿಳಿದು ಮೈಯೆಲ್ಲ ಮಣ್ಣಾಗಿ ಮೇಲೆ ಬರುವುದೇ ಅವನ ಕಸುಬು.

ನಮ್ಮ ಬೀದಿಯ ತುದಿಯಲ್ಲಿ ನೀರು. ನೀರಿಗೂ ರಸ್ತೆಗೂ ನಡುವೆ ಕಲ್ಲಿನ ತಡೆಗೋಡೆ. ನೋಡುವವರಿಗೆ ಅದು ಗಟ್ಟಿ. ಆದರೆ ಉಬ್ಬರದ ನೀರು ಕಲ್ಲಿನ ಸಂದಿಯಲ್ಲಿ ನುಗ್ಗಿ, ಇಳಿಯುವಾಗ ಹಿಂದಿನ ಮಣ್ಣನ್ನು ಚೂರುಚೂರೇ ಕದ್ದು ಒಯ್ಯುತ್ತದೆ. ಮೇಲೆ ಹಾಸುಗಲ್ಲು ಇದ್ದ ಹಾಗೇ ಇರುತ್ತದೆ, ಕೆಳಗೆಲ್ಲ ಪೊಳ್ಳು. ಒಂದು ದಿನ ಯಾರದೋ ಗಾಡಿಯ ಚಕ್ರ ದಡಕ್ಕನೆ ಒಳಗೆ ಕೂರುತ್ತದೆ. ಆಗ ನನ್ನ ಗಂಡನಿಗೆ ಕರೆ ಬರುತ್ತಿತ್ತು. ದುರಸ್ತಿ ತಂಡಕ್ಕೆ ಅವರೇ ಮೇಸ್ತ್ರಿ.

ಹಾಸುಗಲ್ಲು ಕಿತ್ತು, ಬಾವಿಯ ಹಾಗೆ ತೋಡಿ, ಇಲಿಯನ್ನು ಇಳಿಸುತ್ತಿದ್ದರು. ಗೋಡೆಯ ಬೆನ್ನಿಗೆ ಕಲ್ಲು, ಅದರ ಹಿಂದೆ ಜಲ್ಲಿ, ಜಲ್ಲಿಯ ಮೇಲೆ ದಪ್ಪ ಬಟ್ಟೆ, ಆಮೇಲೆ ಮಣ್ಣು. ನೀರು ಹೋಗಬೇಕು, ಮಣ್ಣು ಹೋಗಬಾರದು, ಅದೇ ಇಡೀ ಕೆಲಸ. ಸ್ವಲ್ಪ ಮಣ್ಣು ತುಂಬಿದ ಮೇಲೆ ಪೀಪಾಯಿಗಟ್ಟಲೆ ನೀರು ಸುರಿಯುವರು. ಮೇಸ್ತ್ರಿ ಕೆಳಗೆ ದೋಣಿಯಲ್ಲಿ ಕೂತು, ಗೋಡೆಯ ತೂತುಗಳಿಂದ ಬರುವ ನೀರನ್ನು ನೋಡಿ ಕೂಗಬೇಕು. ‘ಕೆಂಪು’ ಅಂದರೆ ಮಣ್ಣು ಬರುತ್ತಿದೆ, ಎಲ್ಲ ತೆಗೆದು ಮತ್ತೆ ಕಟ್ಟು. ‘ತಿಳಿ’ ಅಂದರೆ ಮುಚ್ಚು. ಗುಂಡಿಯಲ್ಲಿದ್ದವನಿಗೆ ಗೋಡೆಯ ಮುಖ ಕಾಣುವುದಿಲ್ಲ. ಮೇಲೆ ಹತ್ತಿ ಬಂದು ಬಗ್ಗಿ ನೋಡುವುದು ಆ ಕೆಲಸದಲ್ಲಿ ದೊಡ್ಡ ಅವಮಾನ, ಮೇಸ್ತ್ರಿಗೆ ಕಣ್ಣಿಲ್ಲ ಅಂದ ಹಾಗೆ. ಇಲಿ ಒಂದು ದಿನವೂ ಹತ್ತಿ ನೋಡಲಿಲ್ಲ. ದೋಣಿಯಲ್ಲಿ ಕೂತವನು ಒಡಹುಟ್ಟಿದ ಅಣ್ಣ.

ಆ ವರ್ಷ ದಂಡೆಯ ಮೇಲೆ ಬೆಂಚು, ದೀಪದ ಕಂಬ ಹಾಕಿ ಸಿಂಗಾರ ಮಾಡಿದ್ದರು. ನೋಡಲು ದೊಡ್ಡವರು ಬರುವ ಹಿಂದಿನ ದಿನವೇ ಬೆಂಚಿನ ಮುಂದೆ ನೆಲ ಕುಸಿಯಿತು. ಸಂಜೆಯೊಳಗೆ ಮುಚ್ಚಲೇಬೇಕೆಂದು ಕಚೇರಿಯವರು ನನ್ನ ಗಂಡನ ತಲೆಯ ಮೇಲೆ ಕೂತರು. ನೀರು ಸುರಿದರು. ಬಂದದ್ದು ಕೆಂಪು. ಇವರು ದೋಣಿಯಿಂದ ಕೂಗಿದ್ದು, “ತಿಳಿ! ಮುಚ್ಚೋ!”

ಇಲಿ ಮುಚ್ಚಿದ.

ಮಳೆ ಹಿಡಿದ ಮೇಲೆ ಅದೇ ಜಾಗ ಬಾಯಿಬಿಟ್ಟು, ತಳ್ಳುಗಾಡಿಯವನೊಬ್ಬ ಒಳಗೆ ಬಿದ್ದು ಸೊಂಟ ಮುರಿದುಕೊಂಡ. ವಿಚಾರಣೆಯಲ್ಲಿ ಇಲಿ ನೇರವಾಗಿ ಹೇಳಿದ, “ಅಣ್ಣ ತಿಳಿ ಅಂದ, ಮುಚ್ಚಿದೆ.” ನನ್ನ ಗಂಡ ನೆಲ ನೋಡುತ್ತಾ ಹೇಳಿದರಂತೆ, “ನಾನು ನೋಡಿದಾಗ ತಿಳೀನೇ ಇತ್ತು. ಆಮೇಲೆ ಮಣ್ಣು ತುಂಬೋವಾಗ ಇವನೇ ಬಟ್ಟೆ ಹರಿದಿರ್ಬೇಕು.” ಆ ‘ಬೇಕು’ ಒಂದೇ ಸಾಕಾಯಿತು. ಇಲಿಯ ಕೆಲಸ ಹೋಯಿತು.

ನಿಜ ನನಗೆ ಗೊತ್ತಾದದ್ದು, ಆವತ್ತು ಇವರನ್ನು ಕೂರಿಸಿಕೊಂಡು ಹುಟ್ಟು ಹಾಕಿದ್ದ ದೋಣಿಯವನಿಂದ. ಕೇಳಿದ ಕೂಡಲೇ ಕಚೇರಿಗೆ ಹೋಗಿ ಹೇಳಿದೆ. ಅಲ್ಲಿದ್ದ ಸಾಹೇಬರು ಹಲ್ಲು ಕಿರಿದು, “ಮನೆ ಜಗಳ ಮನೇಲೇ ಇಟ್ಕೊಳ್ಳಮ್ಮ” ಅಂದರು. ಮನೆಗೆ ಬಂದು ಗಂಡನನ್ನು ಕೇಳಿದರೆ, “ಅವನದು ಒಂಟಿ ಬಾಳು. ನನ್ನ ಹಿಂದೆ ನೀನಿದ್ದೀಯ, ಮಕ್ಕಳಿದ್ದಾವೆ” ಅಂದರು. ನಮ್ಮ ಹೆಸರು ಹೇಳಿ ಉಳಿಸಿಕೊಂಡ ಅನ್ನ. ಆವತ್ತು ನಾನು ತಟ್ಟೆ ಸರಿಸಿ ಎದ್ದೆ. ಮೈದುನನ ಹೆಂಡತಿ ಸತ್ತಿದ್ದಳು, ಮಕ್ಕಳಿರಲಿಲ್ಲ. ಹಾಗಾದರೆ ಅವನದು ಬಾಳೇ ಅಲ್ಲವೇ?

ಆ ಗುಂಡಿ ಮಾತ್ರ ಸುಮ್ಮನಾಗಲಿಲ್ಲ. ಹೊಸಬರು ಇಳಿದರು, ಕಟ್ಟಿದರು, ಮಣ್ಣು ಮತ್ತೆ ಹೋಯಿತು. ಕೊನೆಗೆ ಇಲಿಯನ್ನು ಕರೆಯಲು ಇವರೇ ನನ್ನನ್ನು ಕಳಿಸಿದರು. ಇಲಿ ಆಗ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಹೆಗಲ ಮೇಲಿನ ಮೂಟೆ ಇಳಿಸದೆಯೇ ಕೇಳಿದ.

“ಏನತ್ತಿಗೆ, ಬೆಕ್ಕು ಇಲೀನ ಕರೀತಾ?”

“ಬಾರಪ್ಪ. ನಿನ್ನ ಕೈಗೇ ಅದು ಬಗ್ಗೋದು.”

“ಬರ್ತೀನಿ. ಅವತ್ತು ನೀರು ಕೆಂಪಿತ್ತು ಅಂತ ಎಲ್ಲರ ಮುಂದೆ ಹೇಳ್ಲಿ. ಇನ್ನೇನೂ ಬೇಡ.”

ಬಂದು ಗಂಡನಿಗೆ ಹೇಳಿದೆ. ಇವರು ಮುಖ ತಿರುಗಿಸಿ, “ಅದೊಂದು ಬಿಟ್ಟು ಏನಾದ್ರೂ ಕೇಳು ಅನ್ನು” ಅಂದರು. ಮತ್ತೆ ಹೋದೆ. ಇಲಿ ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

“ಹಾಗಾದ್ರೆ ಅವನು ಗುಂಡಿಗಿಳೀಲಿ. ದೋಣೀಲಿ ನಾನು ಕೂರ್ತೀನಿ.”

ಇವರು ಒಪ್ಪಿಬಿಟ್ಟರು! ಒಂದು ಮಾತು ಆಡುವುದಕ್ಕಿಂತ ಗುಂಡಿಗಿಳಿಯುವುದೇ ಅವರಿಗೆ ಸುಲಭವಾಯಿತು.

ಇಳಿಯುವಾಗ ಇವರ ಹೊಟ್ಟೆ ಗುಂಡಿಯ ಬಾಯಲ್ಲಿ ಸಿಕ್ಕಿಕೊಂಡಿತು. “ಮೇಸ್ತ್ರೀ, ಉಸಿರು ಬಿಡಿ, ಇಲ್ದಿದ್ರೆ ನಿಮ್ಮನ್ನೇ ಇಟ್ಟು ಮುಚ್ತೀವಿ!” ಅಂತ ಆಳುಗಳು ಕಿಸಕ್ಕೆಂದರು. ಇವರು ಕಲ್ಲು ಜೋಡಿಸಿದರು, ಬಟ್ಟೆ ಹೊದಿಸಿದರು, ಮಣ್ಣೆಳೆದರು. ನೀರು ಸುರಿದರು. ದೋಣಿಯಿಂದ ಕೂಗು ಬಂತು, “ಕೆಂಪು! ತೆಗಿ!”

ತೆಗೆದರು, ಮತ್ತೆ ಕಟ್ಟಿದರು. “ಕೆಂಪು!”

ನಾನು ದಂಡೆಯ ಕಂಬಿ ಹಿಡಿದು ಬಗ್ಗಿ ನೋಡಿದೆ. ಮೊದಲ ಸಲ ನಿಜಕ್ಕೂ ಕೆಂಪೇ. ಈ ಸಲ ಬಿಂದಿಗೆ ಹಿಡಿದು ತುಂಬಿಕೊಳ್ಳಬಹುದಿತ್ತು. ದೋಣಿಯವನೇ ತಡೆಯಲಾರದೆ, “ಏನಯ್ಯಾ, ಕನ್ನಡಿ ಹಾಗಿದೆಯಲ್ಲ!” ಅಂದ.

“ದೋಣೀಲಿ ಕೂತವನ ಮಾತೇ ಮಾತು,” ಅಂದ ಇಲಿ, ಇಡೀ ದಂಡೆಗೆ ಕೇಳುವ ಹಾಗೆ. “ನನ್ನ ಕಣ್ಣಿಗೆ ಕೆಂಪು. ಅಲ್ಲ ಅನ್ನೋನು ಮೇಲೆ ಬಂದು ನೋಡ್ಲಿ!”

ಎಲ್ಲರೂ ಗುಂಡಿಯ ಕಡೆ ತಿರುಗಿದರು. ಕಲ್ಲು ಕೂತ ಬಗೆ ಕೈಗೆ ಗೊತ್ತಾಗುತ್ತದೆ, ಇವರಿಗೆ ಗೊತ್ತಿರಲೇಬೇಕು. ಹತ್ತಿ ಬಂದು ಸುಳ್ಳು ಅಂದಿದ್ದರೆ, ದೋಣಿಯಲ್ಲಿ ಕೂತವನು ಸುಳ್ಳು ಹೇಳಬಲ್ಲ ಅಂತ ತಾವೇ ಒಪ್ಪಿದ ಹಾಗೆ, ಆವತ್ತಿನ ಸುಳ್ಳೂ ಹೊರಗೆ ಬೀಳುತ್ತಿತ್ತು. ಒಳಗಿನಿಂದ ಕಲ್ಲು ಕೀಳುವ ಸದ್ದು ಬಂತು.

ಮೂರನೆಯ ಸಲ ಇಲಿ ಗೋಡೆಯಿಂದ ಬರುವ ನೀರಿಗೆ ಕೈ ಒಡ್ಡಿದ. ಆಮೇಲೆ ಯಾರಿಗೋ ಅನ್ನುವ ಹಾಗೆ ಮೆಲ್ಲಗೆ, “ತಿಳಿ” ಅಂದು, ದೋಣಿಯಿಂದ ಇಳಿದು ಹೊರಟೇಹೋದ. ಇವರು ಮೇಲೆ ಬಂದಾಗ ಬೆರಳ ತುದಿಗಳಲ್ಲಿ ಚರ್ಮವಿರಲಿಲ್ಲ. ರಾತ್ರಿ ತುತ್ತನ್ನು ನಾನೇ ಕಲಸಿ ಕೊಟ್ಟೆ. ಇವರು ಕಣ್ಣೆತ್ತಿ ನೋಡಲಿಲ್ಲ.

ಗೋಡೆಯ ಆ ಭಾಗ ಇಂದಿಗೂ ಅಲುಗಿಲ್ಲ. ಮೇಸ್ತ್ರಿ ತಾನೇ ಇಳಿದು ಕಟ್ಟಿದ ಗೋಡೆ ಅಂತ ಜನ ಹೊಗಳಿದರು. ಇಲಿ ಬಟ್ಟೆ ಹರಿದವನಾಗಿಯೇ ಉಳಿದ. ಯಾವ ತಂಡವೂ ಸೇರಿಸಿಕೊಳ್ಳಲಿಲ್ಲ. ಮೂಟೆ ಹೊತ್ತೇ ಬೆನ್ನು ಬಾಗಿತು.

ನನ್ನ ಗಂಡ ತೀರಿಹೋದ ದಿನ ಇಲಿ ಬಂದ. ಹೊಸ್ತಿಲು ದಾಟಲಿಲ್ಲ. ನಾನೇ ಹೊರಗೆ ಹೋದೆ.

“ಕೊನೇಲಿ ಏನಾದ್ರೂ ಅಂದ್ನಾ ಅತ್ತಿಗೆ?”

‘ಅಂದರು’ ಅನ್ನಬಹುದಿತ್ತು. ಮುದುಕನ ಮುಖ ಅಷ್ಟು ಆಸೆಯಿಂದ ಕೇಳುತ್ತಿತ್ತು. ಆದರೆ ನಮ್ಮ ಮನೆಯಿಂದ ಅವನಿಗೆ ಬಂದ ಸುಳ್ಳು ಸಾಕಷ್ಟಾಗಿತ್ತು.

“ಇಲ್ಲಪ್ಪ” ಅಂದೆ.

“ಸರಿ,” ಅಂದ. ಚಪ್ಪಲಿ ಮೆಟ್ಟಿಕೊಂಡು, ಹೆಣ ಎತ್ತುವ ಮೊದಲೇ ಹೋದ.