ಮಿಕ್ಕಿದ ಬೆಲ್ಲ

ಹುಟ್ಟಿದಾಗಿನಿಂದ ನನ್ನ ಎರಡು ಕಾಲಿಗೂ ಸ್ವಾಧೀನವಿಲ್ಲ. ಟಿಬಿ ಬಂದಾಗ ಅವ್ವ ನನ್ನನ್ನು ಗಾಲಿಕುರ್ಚಿಯಲ್ಲಿ ಆಸ್ಪತ್ರೆಗೆ ತಳ್ಳಿಕೊಂಡು ಹೋದಳು. ಎಷ್ಟು ಮಾತ್ರೆ ಅನ್ನೋದು ತೂಕದ ಮೇಲಂತೆ. ನಿಲ್ಲಲಾರದವಳು ತೂಕದ ಮಿಷನ್ ಹತ್ತುವುದಾದರೂ ಹೇಗೆ? ನರ್ಸ್ ಮೇಲಿಂದ ಕೆಳಗೆ ಒಂದು ಸಲ ನೋಡಿ, "ಐವತ್ತು ಅಂತ ಬರ್ಕೊತೀನಿ" ಅಂದರು. ಕುರ್ಚಿಯನ್ನೂ ಸೇರಿಸಿಕೊಂಡರೋ ಏನೋ! ಮಾತ್ರೆ ನುಂಗಿದಾಗಲೆಲ್ಲ ವಾಂತಿ, ತಲೆಸುತ್ತು. ನರ್ಸನ್ನು ಕೇಳಿದರೆ, "ನಿಮ್ಮಂಥೋರಿಗೆ ಸುಸ್ತು ಇದ್ದಿದ್ದೇ ಕಣಮ್ಮ" ಅಂದರು.

ವಾಸಿಯಾಗಿ ಮೈ ತುಂಬಿಕೊಂಡ ಮೇಲೆ, ಅವ್ವನ ಹರಕೆ ತೀರಿಸಲು ಟಿ. ನರಸೀಪುರದಿಂದ ನಂಜನಗೂಡಿಗೆ ಹೋಗಿ ಬೆಲ್ಲದ ತುಲಾಭಾರ ಮಾಡಿಸಿದೆವು. ಅಲ್ಲಿ ತಕ್ಕಡಿಯಲ್ಲಿ ಕೂತರೆ ಸಾಕು, ನಿಲ್ಲು ಅನ್ನುವವರಿಲ್ಲ. ಆಸ್ಪತ್ರೆಯವರ ಮಾತು ನಂಬಿ ಐವತ್ತು ಕೆಜಿ ಬೆಲ್ಲ ತಂದಿದ್ದೆವು. ಮೂವತ್ತೆಂಟು ಕೆಜಿಗೇ ತಕ್ಕಡಿ ಸಮವಾಯಿತು. ನನಗೆ ಏನೂ ಅರ್ಥವಾಗಲಿಲ್ಲ.

"ದೇವ್ರು ಬೆಲ್ಲ ಉಳಿಸ್ಬುಟ್ಟ ಕಣವ್ವ" ಅಂತ ಅವ್ವ ಖುಷಿಯಲ್ಲಿ ಮಿಕ್ಕಿದ್ದನ್ನು ಚೀಲಕ್ಕೆ ತುಂಬಿ ನನ್ನ ತೊಡೆಯ ಮೇಲಿಟ್ಟಳು. ಚೀಲ ಒಳ್ಳೇ ಭಾರವಿತ್ತು.

ಅಷ್ಟು ತಿಂಗಳು ನಾನು ಈ ಹನ್ನೆರಡು ಕೆಜಿಯ ಪಾಲಿನ ಮಾತ್ರೆಯನ್ನೂ ನುಂಗಿದೆನೆ?