ನೀರೊಳಗಿಟ್ಟ ಒಣಬಟ್ಟೆ

ಮಗಳು ಗೋಕರ್ಣಕ್ಕೆ ಹೋಗಿ ಕಯಾಕ್ ದೋಣಿ ನಡೆಸುತ್ತಾಳಂತೆ. ಕೊರಿಯರ್‌ನಲ್ಲಿ ಬಂದ, ನೀರು ಒಳಹೋಗದ ಡ್ರೈಬ್ಯಾಗನ್ನು ಅವಳು ಬಿಚ್ಚಿದಾಗ ಹೊಸ ರಬ್ಬರಿನ ವಾಸನೆ ಮನೆಯೆಲ್ಲ ಹರಡಿತು. ಕೂತಲ್ಲೇ ನಾನು ಶಿಡ್ಲಘಟ್ಟಕ್ಕೆ, ವಿಜಯತ್ತಿಗೆಯ ಅಂಗಳಕ್ಕೆ ಹೋಗಿಬಿಟ್ಟೆ.

ಮೊಬೈಲು ಆಗಷ್ಟೇ ನಮ್ಮೂರಿಗೆ ಬರುತ್ತಿದ್ದ ಕಾಲ. ಅಣ್ಣ ತೀರಿಕೊಂಡು ವರ್ಷವಾಗಿತ್ತು. ಅತ್ತಿಗೆ ಶಾಲೆಗೆ ಹೋಗಿ ಪಾಠ ಮಾಡಿ ಬರುತ್ತಿದ್ದರು. ನಗು ಮಾತ್ರ ಎಲ್ಲೋ ಬಿಟ್ಟುಬಂದವರಂತಿದ್ದರು. ಆ ಮಳೆಗಾಲ ಕೆರೆಗಳೆಲ್ಲ ಕೋಡಿ ಹರಿದವು. ಒಂದು ದಿನ ನೋಡಿದರೆ ಅಂಗಳದಲ್ಲಿ ಕಡಲೆಕಾಯಿ ಸಿಪ್ಪೆಯಂಥ ಉದ್ದನೆಯ ದೋಣಿ! ಬೆಟ್ಟದ ಬುಡದಲ್ಲಿ ಮುಚ್ಚಿಹೋದ ಸಾಹಸಕ್ರೀಡೆಯ ಶಿಬಿರವೊಂದರಿಂದ ಅತ್ತಿಗೆ ಕೊಂಡು ತಂದಿದ್ದರು.

"ಏಮಮ್ಮಾ ಇದಿ? ಮೀನು ಹಿಡಿಯೋಕಾ?" ಎಂದು ತೆಲುಗು ಬೆರೆಸಿ ಕೇಳಿದರು ಪಕ್ಕದ ಮನೆಯ ಅಜ್ಜಿ.

"ಸುಮ್ನೆ ತೇಲೋಕೆ ಅಜ್ಜಿ," ಎಂದರು ಅತ್ತಿಗೆ.

ನೀರಿಗಿಳಿದರೆ ಒಳಗಿಟ್ಟ ಸಾಮಾನು ನೆನೆಯಬಾರದಲ್ಲ, ಅದಕ್ಕೆ ಚೀಲ ಬೇಕಿತ್ತು. ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಸಾಲದೇ ಎಂದು ನಾನು ಜಾಣತನ ತೋರಿಸಿದೆ. ಅತ್ತಿಗೆ ನನ್ನನ್ನೂ ಕರೆದುಕೊಂಡು ಬೆಂಗಳೂರಿನ ಬಸ್ಸು ಹತ್ತಿದರು. ಅಂಗಡಿಯವನು ದೊಡ್ಡ ಚೀಲವೊಂದನ್ನು ಹೊಗಳುತ್ತಲೇ ಇದ್ದ. ಅತ್ತಿಗೆ ಪರ್ಸಿನಿಂದ ರೇಷ್ಮೆ ನೂಲೊಂದನ್ನು ತೆಗೆದರು; ದೋಣಿಯಲ್ಲಿ ಸಾಮಾನಿಡುವ ಗೂಡಿನ ಬಾಯಿಯನ್ನು ಅದರಲ್ಲೇ ಅಳೆದು ತಂದಿದ್ದರು.

"ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು ಕಣೇ. ಒಂದು ದೊಡ್ಡದು ತಗೊಂಡ್ರೆ ಒಳಗೇ ಹೋಗಲ್ಲ. ಸಣ್ಣವು ಮೂರಿರಲಿ."

ಬಣ್ಣ ಹಳದಿ, ನೀರಲ್ಲಿ ದೂರಕ್ಕೂ ಕಾಣಲೆಂದು. ಮನೆಗೆ ಬಂದು ಒಂದೊಂದರಲ್ಲೂ ಹಳೇ ಪೇಪರು ತುಂಬಿ, ಬಾಯಿ ಸುರುಳಿ ಸುತ್ತಿ, ಬಕಲ್ ಹಾಕಿ, ಬಟ್ಟೆ ನೆನೆಸುವ ತೊಟ್ಟಿಯಲ್ಲಿ ಮುಳುಗಿಸಿ ಒತ್ತಿ ಹಿಡಿದೆವು. ಪೇಪರು ಗರಿಗರಿಯಾಗಿಯೇ ಹೊರಬಂತು.

ಭಾನುವಾರ ಬೆಳಿಗ್ಗೆ ದಿಬ್ಬೂರಹಳ್ಳಿ ಕಡೆಯ ಕೆರೆ. ಲೈಫ್ ಜಾಕೆಟ್ ತೊಟ್ಟು ನಾನು ಮುಂದೆ, ಅತ್ತಿಗೆ ಹಿಂದೆ. ಮುಳುಗಿದ ಜಾಲಿಮರಗಳ ನೆತ್ತಿಯ ನಡುವೆ ದೋಣಿ ಸದ್ದಿಲ್ಲದೆ ಸರಿಯುತ್ತಿತ್ತು. ಮೇಲೊಂದು ಆಕಾಶ, ಕೆಳಗೊಂದು ಆಕಾಶ. ಮೋಡದ ಮೇಲೆ ಹುಟ್ಟು ಹಾಕುತ್ತಿದ್ದೇವೆ ಅನಿಸಿತು. ಬೆಳ್ಳಕ್ಕಿಯೊಂದು ಪಕ್ಕದಲ್ಲೇ ಎದ್ದಿತು. ನಾನು ತಿರುಗಿ ನೋಡಿದೆ. ಅಷ್ಟೇ, ದೋಣಿ ಮಗುಚಿತು.

ಈಜು ಬಾರದ ನಾನು ಬೆಂಡಿನಂತೆ ತೇಲುತ್ತಾ ಊರಿನ ದೇವರನ್ನೆಲ್ಲ ಕೂಗಿದೆ. "ದೋಣಿ ಹಿಡ್ಕೊಳೇ! ಕಾಲು ಬಡಿ!" ಎಂದು ಅತ್ತಿಗೆ ನನ್ನನ್ನೂ ದೋಣಿಯನ್ನೂ ದಡಕ್ಕೆಳೆದರು.

ಗಡಗಡ ನಡುಗುತ್ತಾ ಕೂತೆ. ಅತ್ತಿಗೆ ಒಂದು ಚೀಲದ ಸುರುಳಿ ಬಿಚ್ಚಿದರು. ಒಳಗೆ ಅಣ್ಣನ ಕಂದು ಸ್ವೆಟರು. ವರ್ಷದಿಂದ ಯಾರಿಗೂ ಮುಟ್ಟಗೊಡದೆ ಬೀರುವಿನಲ್ಲಿ ಇಟ್ಟಿದ್ದದ್ದು.

"ಇದನ್ಯಾಕೆ ತಂದ್ರಿ ಅತ್ತಿಗೆ?"

"ತುಂಬಿದ ಕೆರೆ ನೋಡ್ಬೇಕು ಅಂತಿದ್ರಲ್ಲ ನಿಮ್ಮಣ್ಣ." ಸ್ವಲ್ಪ ಹೊತ್ತು ಅದನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ ನನ್ನ ತಲೆಯ ಮೇಲಿಂದ ಎಳೆದು ತೊಡಿಸಿದರು. "ಹಾಕ್ಕೋ. ಚಳೀಲಿರೋರಿಗೆ ತಾನೇ ಸ್ವೆಟರು?"

ಅದರ ತೋಳು ನನ್ನ ಬೆರಳು ದಾಟಿ ಜೋತಾಡುತ್ತಿತ್ತು. ಅದನ್ನು ನೋಡಿ ಅತ್ತಿಗೆ ನಕ್ಕರು. ನಗುತ್ತಾ ಅತ್ತರು, ಮತ್ತೆ ನಕ್ಕರು. ಕೆರೆ ಬತ್ತುವವರೆಗೂ ಭಾನುವಾರಗಳಂದು ಅವರು ನೀರಿಗಿಳಿದರು. ನಾನು ಮಾತ್ರ ಏರಿಯ ಮೇಲೆ ಕೂತು ಕೈಬೀಸುತ್ತಿದ್ದೆ.

ಇವತ್ತು ಊಟಕ್ಕೆ ಕೂತಾಗ ಮಗಳನ್ನು ಕೇಳಿದೆ, "ಆ ದೋಣೀಲಿ ಇಬ್ರು ಕೂರಬಹುದಾ?"

"ಕೂರಬಹುದು. ಯಾಕಮ್ಮ?"

"ನಾನೂ ಬರ್ತೀನಿ."

"ನಿಂಗೆ ಈಜೋಕೇ ಬರಲ್ವಲ್ಲ!"

"ಬರಲ್ಲ," ಎಂದೆ, ಅವಳ ತಟ್ಟೆಗೆ ಸಾರು ಬಡಿಸುತ್ತಾ. "ನೀರಿಗೆ ಬಿದ್ದು ಗೊತ್ತು."